ಉಗುರಿನ ರೋಗ, ಹೊಸ ಲೇಪನ, ಹಳೆಯ ಸಹನೆ



ಕಳೆದ ವರ್ಷದ ಶ್ರಾವಣದಲ್ಲಿ ನಾವು ಔರಾದಿನ ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ಬೆಳಗಿನ ಪೂಜೆಗೆ ಮನೆಯವರೆಲ್ಲರೂ ಕುಳಿತರು. ಹಿರಿಯ ಸೊಸೆ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ. ಪ್ರಸಾದವಾದ ಬಳಿಕ ಆ ತಾಯಿ ಸೆರಗಿನ ಮರೆಯಿಂದ ಎಡಗೈಯನ್ನು ಹೊರತೆಗೆದು ತೋರಿಸಿದರು. ಎರಡು ಬೆರಳುಗಳ ಉಗುರು ಹಳದಿಗಟ್ಟಿ, ದಪ್ಪವಾಗಿ, ತುದಿಯಲ್ಲಿ ಪುಡಿಯಾಗಿ ಉದುರುತ್ತಿತ್ತು. ಕಾಲಿನ ಹೆಬ್ಬೆರಳ ಉಗುರೂ ಹಾಗೆಯೇ ಇತ್ತು. “ಇಂಥಾ ಕೈಯಾಗ ಲಿಂಗ ಹ್ಯಾಂಗ ಹಿಡೀಲ್ರಿ ಅಪ್ಪಾರ? ಪೂಜಿ ಬಿಟ್ಟು ಒಂದ್ ವರ್ಷಾತು” ಎಂದು ಕಣ್ಣೀರಿಟ್ಟರು.

ನಾವು ವೈದ್ಯರಲ್ಲ. ಆದುದರಿಂದ ಬೀದರಿನ ಚರ್ಮರೋಗ ತಜ್ಞರನ್ನು ಕಂಡು ವಿಷಯವನ್ನು ತಿಳಿದುಕೊಂಡೆವು. ಇಂಥ ಸಂಕೋಚವನ್ನು ನುಂಗಿಕೊಂಡಿರುವ ತಾಯಂದಿರು ಅನೇಕ ಮನೆಗಳಲ್ಲಿರುವುದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಇದು ಉಗುರುಸುತ್ತು ಅಲ್ಲ. ಉಗುರುಸುತ್ತಿನಲ್ಲಿ ಉಗುರಿನ ಸುತ್ತಲಿನ ಮಾಂಸ ಬಾತು ನೋಯುತ್ತದೆ. ಇದಾದರೋ ಶಿಲೀಂಧ್ರವು ಉಗುರಿನೊಳಗೇ ಮನೆಮಾಡಿಕೊಳ್ಳುವ ರೋಗ. ಹುಳುಕಡ್ಡಿಯನ್ನೂ ಕಾಲ್ಬೆರಳ ಸಂದಿನ ಕೆಸರುಹುಣ್ಣನ್ನೂ ಉಂಟುಮಾಡುವ ಜಾತಿಯ ಶಿಲೀಂಧ್ರಗಳೇ ಇದಕ್ಕೂ ಬಹುಮಟ್ಟಿಗೆ ಕಾರಣ. ಭಾಲ್ಕಿಯ ಕಬ್ಬಿನ ಗದ್ದೆಯಲ್ಲಿ ನೀರು ಹಾಯಿಸುವವರಿಗೆ, ದಿನವಿಡೀ ನೀರಿನಲ್ಲಿ ಕೈಯಿಟ್ಟು ದುಡಿಯುವ ಗೃಹಿಣಿಯರಿಗೆ, ಮಧುಮೇಹವುಳ್ಳವರಿಗೆ, ವಯಸ್ಸಾದವರಿಗೆ ಇದು ಸುಲಭವಾಗಿ ತಗಲುತ್ತದೆ.

ಆದರೆ ಕೆಟ್ಟ ಉಗುರೆಲ್ಲ ಶಿಲೀಂಧ್ರದಿಂದಲೇ ಕೆಟ್ಟಿತೆಂದು ತಿಳಿಯಬಾರದು. ಅಂಥ ಉಗುರುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಈ ರೋಗದವು. ಉಳಿದವು ಪೆಟ್ಟಿನಿಂದಲೋ ಸೋರಿಯಾಸಿಸ್ ಮುಂತಾದ ಕಾಯಿಲೆಗಳಿಂದಲೋ ಕೆಟ್ಟವು. ಉಗುರಿನ ಚೂರನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಸಂಗತಿ ತಿಳಿಯುತ್ತದೆ. ಆದುದರಿಂದ ಮೊದಲು ಪರೀಕ್ಷೆ, ಬಳಿಕ ಔಷಧ.

ನಮ್ಮ ಆ ತಾಯಿ ತವರೂರಾದ ಭಾಲ್ಕಿಗೆ ಹೋದಾಗ, ಅಂಗಡಿಯವರು ಕೊಟ್ಟ ಮುಲಾಮನ್ನು ವೈದ್ಯರ ಚೀಟಿಯಿಲ್ಲದೆ ತಂದು ಎಂಟು ತಿಂಗಳು ಹಚ್ಚಿದ್ದರು. ತಜ್ಞರು ಆ ಟ್ಯೂಬನ್ನು ನೋಡಿ, ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆಯೆಂದರು. ಅದು ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಬೆಳೆಸುತ್ತದೆ. ಇಂಥ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರಕಾರವು 2018ರಲ್ಲಿ ನಿಯಮವನ್ನು ಬಿಗಿಗೊಳಿಸಿದೆ.

ಉಗುರೆಂಬುದು ಕೆರಾಟಿನ್ ಎಂಬ ಗಟ್ಟಿ ಪದಾರ್ಥದ ಗೋಡೆ. ಹೊರಗೆ ಹಚ್ಚಿದ ಸಾಮಾನ್ಯ ಮುಲಾಮು ಅದನ್ನು ದಾಟಲಾರದು. ಅದಕ್ಕೆಂದೇ ಉಗುರುಬಣ್ಣದಂತೆ ಹಚ್ಚಿದೊಡನೆ ಒಣಗಿ, ಔಷಧವನ್ನು ನಿಧಾನವಾಗಿ ಒಳಗಿಳಿಸುವ ಲೇಪನಗಳು ಬಂದವು. ವಾರಕ್ಕೆ ಒಂದೆರಡು ಸಲ ಹಚ್ಚುವ 5% ಅಮೊರೊಲ್ಫಿನ್ ಅಂಥದೊಂದು. 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ 8% ಸಿಕ್ಲೋಪಿರಾಕ್ಸ್ ಮತ್ತೊಂದು. 2014ರಲ್ಲಿ ಆ ದೇಶವು ದಿನಕ್ಕೊಮ್ಮೆ ಹಚ್ಚುವ 10% ಎಫಿನಕೊನಜೋಲ್ ಹಾಗೂ 5% ಟವಬೊರೋಲ್ ಎಂಬ ಎರಡು ದ್ರವಗಳನ್ನು ಒಪ್ಪಿತು. ಎಫಿನಕೊನಜೋಲ್ ಕೆರಾಟಿನ್‌ಗೆ ಬಿಗಿಯಾಗಿ ಅಂಟಿಕೊಳ್ಳದೆ ಉಗುರಿನ ಬುಡದವರೆಗೆ ಇಳಿಯಬಲ್ಲದು. 2016ರಲ್ಲಿ ಜಪಾನ್ ಉಗುರಿಗೆಂದೇ 5% ಲುಲಿಕೊನಜೋಲ್ ದ್ರವವನ್ನು ತಂದಿತು. ಇವುಗಳಲ್ಲಿ ಯಾರಿಗೆ ಯಾವುದು ತಕ್ಕುದೆಂಬುದನ್ನು ವೈದ್ಯರೇ ಹೇಳಬೇಕು.

ಇವುಗಳ ಫಲವನ್ನು ಉಳ್ಳಷ್ಟೇ ಹೇಳಬೇಕು. ಎಫಿನಕೊನಜೋಲ್‌ನ ಎರಡು ದೊಡ್ಡ ಪರೀಕ್ಷೆಗಳಲ್ಲಿ 48 ವಾರ ದಿನವೂ ಹಚ್ಚಿದವರ ಪೈಕಿ ಸುಮಾರು 54% ಜನರ ಉಗುರಿನಲ್ಲಿ 52ನೆಯ ವಾರಕ್ಕೆ ಶಿಲೀಂಧ್ರ ಕಾಣಲಿಲ್ಲ. ಉಗುರು ಸಂಪೂರ್ಣ ಸ್ವಚ್ಛವಾದದ್ದು 15ರಿಂದ 18% ಜನರಿಗೆ ಮಾತ್ರ. ಔಷಧವಿಲ್ಲದ ದ್ರವವನ್ನು ಹಚ್ಚಿದವರಲ್ಲಿ ಇದು 3ರಿಂದ 6% ಇತ್ತು. ರೋಗವು ಬುಡವನ್ನು ಮುಟ್ಟಿದ್ದರೆ, ಹಲವು ಉಗುರುಗಳಿಗೆ ಹಬ್ಬಿದ್ದರೆ ನುಂಗುವ ಗುಳಿಗೆಯೂ ಬೇಕಾದೀತು. ಯಕೃತ್ತಿನ ಪರೀಕ್ಷೆಯಿಲ್ಲದೆ ಅದನ್ನು ತಾವಾಗಿ ಸೇವಿಸಬಾರದು.

ಹೆಚ್ಚಿನವರು ಸೋಲುವುದು ಔಷಧದಿಂದಲ್ಲ, ಅವಸರದಿಂದ. ಕೆಟ್ಟ ಉಗುರು ಮರಳಿ ಚೆನ್ನಾಗುವುದಿಲ್ಲ. ಹೊಸ ಉಗುರು ಬುಡದಿಂದ ಬೆಳೆದು ಅದನ್ನು ಹೊರಗೆ ತಳ್ಳಬೇಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲುಗುರು ಅದರ ಅರ್ಧದಷ್ಟೇ. ಎಂದರೆ ಕೈಗೆ ಆರು ತಿಂಗಳು, ಕಾಲಿನ ಹೆಬ್ಬೆರಳಿಗೆ ಒಂದರಿಂದ ಒಂದೂವರೆ ವರ್ಷ. ಎರಡು ತಿಂಗಳು ಹಚ್ಚಿ “ಗುಣ ಕಾಣಲಿಲ್ಲ” ಎಂದು ಬಿಡುವವರು ಬಿತ್ತಿದ ಮರುವಾರವೇ ತೊಗರಿಯ ರಾಶಿಗೆ ಕಣ ಮಾಡುವವರಂತೆ.

ಪಾದಗಳನ್ನು ತೊಳೆದು ಬೆರಳ ಸಂದನ್ನು ಒರೆಸಿಕೊಳ್ಳಿರಿ. ಮನೆಮಂದಿಯೆಲ್ಲ ಒಂದೇ ಉಗುರುಕತ್ತರಿಯನ್ನು ಬಳಸದಿರಿ. ಕೆಸರುಹುಣ್ಣಿದ್ದರೆ ಅದನ್ನೂ ಗುಣಪಡಿಸಿಕೊಳ್ಳಿರಿ. ಇಲ್ಲವಾದರೆ ರೋಗ ಮತ್ತೆ ಉಗುರಿಗೆ ಏರುತ್ತದೆ. ಮಧುಮೇಹವುಳ್ಳವರು ತಡಮಾಡಲೇಬಾರದು, ದಪ್ಪನಾದ ಉಗುರು ಒತ್ತಿ ಆದ ಸಣ್ಣ ಗಾಯವೂ ಅವರ ಕಾಲಿಗೆ ಅಪಾಯ ತಂದೀತು. ಔರಾದ, ಭಾಲ್ಕಿಗಳ ಬಂಧುಗಳಿಗೆ ಬೀದರಿನ ಸರಕಾರಿ ವೈದ್ಯಕೀಯ ಸಂಸ್ಥೆಯಾದ ಬ್ರಿಮ್ಸ್ ಆಸ್ಪತ್ರೆ ದೂರವೇನಲ್ಲ.

ಇನ್ನು ಆ ತಾಯಿಯ ಪ್ರಶ್ನೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೇ ಶರಣರು ಅಲ್ಲಗಳೆದಿರುವಾಗ, ಉಗುರಿನ ರೋಗವನ್ನು ಆರನೆಯ ಸೂತಕವನ್ನಾಗಿ ನಾವು ಸೇರಿಸುವುದು ತರವೇ? ಮನೆಯವರಿಗೆಲ್ಲ ರೊಟ್ಟಿ ಬಡಿದು ಹಾಕುವ ಕೈ ಲಿಂಗಕ್ಕೆ ಮಾತ್ರ ಬೇಡವಾಗುವುದೆಂತು? ಇದನ್ನೇ ಅವರಿಗೆ ಹೇಳಿದೆವು. ಮರುದಿನ ಬೆಳಿಗ್ಗೆ ಅವರು ಪೂಜೆಗೆ ಕುಳಿತರು.

ಅವರ ರೋಗ ಬುಡವನ್ನು ಮುಟ್ಟಿರಲಿಲ್ಲವಾಗಿ ತಜ್ಞರು ಅಮೊರೊಲ್ಫಿನ್ ಲೇಪನವನ್ನಷ್ಟೇ ಕೊಟ್ಟಿದ್ದರು. ಹತ್ತು ತಿಂಗಳ ಬಳಿಕ ಮೊನ್ನೆ ನೋಡಿದಾಗ ಕೈಯುಗುರುಗಳು ತಿಳಿಯಾಗಿದ್ದವು. ಕಾಲುಗುರು ಅರ್ಧದಷ್ಟು ಬಂದಿತ್ತು. ಉಳಿದ ಅರ್ಧಕ್ಕಾಗಿ ಅವರು ಇನ್ನೂ ತಪ್ಪದೆ ಲೇಪಿಸುತ್ತಿದ್ದಾರೆ.