ಕೆರೆಗೆ ಬಿಡುವ ಮುನ್ನ ಇದ್ದಿಲಿನಲ್ಲಿ ಸೋಸಿ!

ಕಾಮಸಮುದ್ರ ಹೋಬಳಿಯ ರೈತ ಬಂಧುಗಳೇ, ತಾಯಂದಿರೇ,

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ನೊರೆ ಎದ್ದಿತು, ಹೈಕೋರ್ಟ್ ಕೆಲಕಾಲ ನೀರು ತಡೆಯಿತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ: ಇದು ಕೆ.ಸಿ. ವ್ಯಾಲಿ ಯೋಜನೆಯ ಲೆಕ್ಕ. ಸಾವಿರ ಅಡಿ ಕೊರೆಸಿ ಧೂಳು ಕಂಡ ಜಿಲ್ಲೆ ನಮ್ಮದು, ನೀರು ಬೇಡ ಎನ್ನಲಾರೆವು. ಹಾಗೆಂದು ಬಂದದ್ದನ್ನೆಲ್ಲ ಕಣ್ಣು ಮುಚ್ಚಿ ಇಂಗಿಸಿಕೊಳ್ಳಬೇಕೇ?

ಎರಡನೇ ಹಂತದಲ್ಲಿ ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಔಷಧಿಗಳ ಉಳಿಕೆ, ಬಟ್ಟೆಯ ಬಣ್ಣ, ಕೀಟನಾಶಕಗಳಲ್ಲಿ ಎಷ್ಟೋ ಅವಕ್ಕೂ ಜೀರ್ಣವಾಗವು. ಅವನ್ನು ಹಿಡಿಯುವುದು ಇದ್ದಿಲು. ಗಾಳಿಯಾಡದಂತೆ ಸುಟ್ಟು ಹದಮಾಡಿದ ಒಳ್ಳೆಯ ಇದ್ದಿಲಿನ ಒಂದೇ ಗ್ರಾಂನಲ್ಲಿ, ಕಾಣದ ರಂಧ್ರಗಳ ಒಳಮೈ 500 ಚದರ ಮೀಟರ್ ಮೀರುತ್ತದೆ. ಕೊಳೆಯ ಅಣುಗಳು ಹೋಗಿ ಅಲ್ಲಿ ಅಂಟಿಕೊಳ್ಳುತ್ತವೆ.

ಸುಡುವ ಮೊದಲು ಕಬ್ಬಿಣದ ಲವಣದಲ್ಲಿ ನೆನೆಸಿದರೆ ಇನ್ನೊಂದು ಅನುಕೂಲ. ಸುಮಾರು 500ರಿಂದ 700 ಡಿಗ್ರಿ ಕಾವಿನಲ್ಲಿ ಆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಆಗಿ ಇದ್ದಿಲಿನೊಳಗೇ ಕೂರುತ್ತದೆ. ನೀರಿಗೆ ಹಾಕಿದ ಪುಡಿಯನ್ನು ಕೆಲಸವಾದ ಮೇಲೆ ಅಯಸ್ಕಾಂತದಿಂದ ಎಳೆದುಕೊಳ್ಳಬಹುದು. ಬರಿಯ ಇದ್ದಿಲ ಪುಡಿಯನ್ನು ನೀರಿನಿಂದ ಬೇರೆ ಮಾಡಿ ನೋಡಿದವರಿಗೆ ಇದರ ಬೆಲೆ ಗೊತ್ತು.

ಕಚ್ಚಾ ಸಾಮಾನಿಗೆ ಎಲ್ಲಿಗೂ ಹೋಗಬೇಕಿಲ್ಲ. ರೇಷ್ಮೆ ಹುಳು ಮನೆಯಿಂದ ಹೊರಬೀಳುವ ಹಿಪ್ಪುನೇರಳೆ ಕಡ್ಡಿ, ತೆಂಗಿನ ಕರಟ, ಮಾವಿನ ವಾಟೆ, ಕಾಡಂಚಿನ ಲಂಟಾನ. ಬದುವಿನ ಮೇಲೆ ಬೆಂಕಿಯಿಟ್ಟು ಹೊಗೆ ಕುಡಿಯುವ ಬದಲು ಇವನ್ನು ಕಿಲೋ ಲೆಕ್ಕದಲ್ಲಿ ಮಾರೋಣ.

ಮನೆಯಲ್ಲಿ ಮಾಡಿ ಕುಡಿಯುವ ನೀರಿಗೆ ಹಾಕಬೇಡಿ, ಇದು ಪರೀಕ್ಷಿಸಿ ಮಾಡುವ ಕೆಲಸ. ನಮ್ಮ ಬೋರ್‌ವೆಲ್‌ಗಳ ಫ್ಲೋರೈಡ್‌ಗೂ ಇದೇ ಮದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದ್ದಿಲು ಕೊಳೆಯನ್ನು ಹಿಡಿದಿಡುತ್ತದೆ, ಇಲ್ಲವಾಗಿಸುವುದಿಲ್ಲ. ತುಂಬಿದ ಇದ್ದಿಲನ್ನು ಮತ್ತೆ ಕಾಯಿಸಿ ಹದಮಾಡಬೇಕು, ಇಲ್ಲವೇ ಹೆಚ್ಚು ಕಾವಿನ ಕುಲುಮೆಯಲ್ಲಿ ಸುಡಬೇಕು. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ದಿಬ್ಬಗಳು ಇಂದಿಗೂ ನಿಂತಿವೆ. ಇನ್ನೊಂದು ದಿಬ್ಬ ನಮಗೆ ಬೇಡ.

ಸರ್ಕಾರಕ್ಕೆ ನಾವು ಕೇಳುವುದಿಷ್ಟು: ಒಂದು ಕೆರೆಯ ಬಾಯಲ್ಲಿ ಪ್ರಾಯೋಗಿಕ ಘಟಕ ಹಾಕಿ, ಒಂದು ಮಳೆಗಾಲ, ಒಂದು ಬೇಸಿಗೆ ನಡೆಸಿ. ಒಳಬರುವ ನೀರು, ಹೊರಹೋಗುವ ನೀರು, ಎರಡರ ಪರೀಕ್ಷಾ ವರದಿಯನ್ನೂ ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಿ. ಮುಂದಿನ ಗ್ರಾಮಸಭೆಗೆ ಈ ಕರಪತ್ರ ಹಿಡಿದು ಬನ್ನಿ, ನಿರ್ಣಯ ಬರೆಸಿ, ಸಹಿಯಾಗುವವರೆಗೆ ಏಳಬೇಡಿ.