ಅವ್ವ ಎಲ್ಲಿಗೂ ಹೋಗಲಿಲ್ಲ, ಖರೆ. ಹಂಗಂತ ಕತಿ ಇಲ್ಲ ಅನ್ನಬ್ಯಾಡ್ರಿ

ಅಕ್ಕಾರ, ವೈನಿಗೋಳ, ತಂಗ್ಯಾರ, ಈ ಸಲ ಗುರೆಳ್ಳು ಚಟ್ನಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ಸಲಕ್ಕ ಇರಲಿ. ಈಗ ಸಿಟ್ಟು ಬಂದೈತಿ, ಅದು ಇಳಿಯೂದರೊಳಗ ಬರದು ಬಿಡ್ತೀನಿ.

ನಮ್ಮ ತಂಗಿ ಮಗಳು ಬೆಂಗಳೂರಾಗ ಸಿನಿಮಾಕ್ಕ ಕತಿ ಬರಿಯೂದು ಕಲ್ಯಾಕತ್ತಾಳ. ದೀಪಾವಳಿ ಸೂಟಿಗೆ ಬಂದಾಗ ಒಂದು ಹಾಳಿ ತಂದಿದ್ಲು. ಹಾಳಿ ಮ್ಯಾಲೆ ರೊಟ್ಟಿಯಷ್ಟು ದೊಡ್ಡ ಗುಂಡು ಗೆರಿ, ಅದರ ಸುತ್ತಲೂ ಹನ್ನೆರಡು ಮೆಟ್ಟಿಲು. ನಾಯಕ ಮನ್ಯಾಗ ಆರಾಮ ಇರ್ತಾನ. ಎಲ್ಲಿಂದೋ ಒಂದು ಕರೆ ಬರ್ತೈತಿ. ಮದಲ ಒಲ್ಲೆ ಅಂತಾನ. ಒಬ್ಬ ಗುರು ಸಿಗ್ತಾನ. ಹೊಸ್ತಿಲಾ ದಾಟ್ತಾನ. ಪರೀಕ್ಷಾ, ವೈರಿಗಳು, ಸಾವಿನ ಬಾಯಿ. ಕಡೀಕ ಅಮೃತ ಹಿಡಕೊಂಡು ಮನಿಗೆ ವಾಪಸ್. ಜಗತ್ತಿನ ಯಾವ ದೇಶದ ಕತಿ ತಗೊಂಡ್ರೂ ಒಳಗಿರೂದು ಇದ ಒಂದ ಕತಿ ಅಂತ ಅವರಿಗೆ ಕಲಿಸ್ಯಾರ.

ಮನ್ಯಾಗಿನ ಒಬ್ಬರ ಕತಿ ಬರಕೊಂಡು ಬರ್ರಿ ಅಂದಿದ್ರಂತ. ಆಕಿ ನಮ್ಮ ಅವ್ವನ ಕತಿ ಬರದು ಒಯ್ದಿದ್ಲು. ಇದರಾಗ ಪ್ರಯಾಣನ ಇಲ್ಲ ಅಂತ ತಿರುಗಿ ಕೊಟ್ಟಾರ. ಈಗ ಅದನ್ನ ಹರದು ಅಜ್ಜನ ಕತಿ ಬರ್ಯಾಕ ಕುಂತಿದ್ಲು.

"ದೊಡ್ಡವ್ವಾ, ಅಜ್ಜಿ ಎಲ್ಲಿಗೂ ಹೋಗೇ ಇಲ್ಲಲ್ಲ, ಕತಿ ಎಲ್ಲಿಂದ ತರಲಿ?" ಅಂದ್ಲು.

ನಮ್ಮ ಅಪ್ಪನ ಕತಿ ನಿಮಗೆಲ್ಲಾ ಗೊತ್ತೈತಿ. 1972ರ ಬರದಾಗ ಸೋಲಾಪುರದ ಮಿಲ್ಲಿಗೆ ದುಡಿಯಾಕ ಹೋದ್ರು, ಕಷ್ಟಪಟ್ರು, ಎರಡು ವರ್ಷಕ್ಕ ಒಂದು ಟ್ರಂಕು, ಒಂದು ಗ್ವಾಡಿ ಗಡಿಯಾರ ತಗೊಂಡು ಬಂದ್ರು. ಹಾಳಿ ಮ್ಯಾಲಿನ ಗೆರಿಗೆ ಅಳತಿ ಕೊಟ್ಟು ಹೊಲಿಸಿದಂಗ ಕುಂದರತೈತಿ. ಅಪ್ಪನ ಕಷ್ಟ ಸುಳ್ಳಲ್ಲ, ಅದನ್ನ ನಾ ಸಣ್ಣದು ಮಾಡಾಕತ್ತಿಲ್ಲ.

ಆ ಎರಡು ವರ್ಷ ಅವ್ವ ಏನು ಮಾಡಿದ್ಲು? ನಾಕು ಮಕ್ಕಳು, ಹಾಸಿಗಿ ಹಿಡದ ಅತ್ತಿ, ಒಂದು ಆಕಳ. ಒಂದು ಮಣ್ಣಿನ ಗಡಿಗ್ಯಾಗ ಬೂದಿ ಕಲಸಿ ಬೀಜದ ಜ್ವಾಳ ಇಟ್ಟಿದ್ಲು. ನಾವು ಹಸದು ಅಳತಿದ್ವಿ, ಗಡಿಗಿ ಕಣ್ಣ ಮುಂದನ ಇತ್ತು. ಆಕಿ ಮುಟ್ಟಲಿಲ್ಲ. ರಾತ್ರಿ ನಾವು ನಿದ್ದಿ ಹೋಗೂತನಾ ಕತಿ ಹೇಳತಿದ್ಲು. ಮಳಿ ಬಂದ ವರ್ಷ ಆ ಬೀಜಾನ ಬಿತ್ತಿದ್ಲು. ಅಪ್ಪ ಬಂದಾಗ ಹೊಲದಾಗ ಜ್ವಾಳ ಎದಿಮಟ ನಿಂತಿತ್ತು. ಈಗ ಹೇಳ್ರಿ, ಅಮೃತ ತಂದವರು ಯಾರು, ಕಾದಿಟ್ಟವರು ಯಾರು?

ಈ ಹಾಳಿಯ ಮೂಲ ಹುಡಿಕಿಸಿದೆ. ಹುಡುಗಿ ಕಡೆ ಪುಸ್ತಕ ಇತ್ತು, ಆಕಿನ ಓದಿ ಹೇಳಿದ್ಲು. ಜೋಸೆಫ್ ಕ್ಯಾಂಪ್‌ಬೆಲ್ ಅಂತ ಅಮೆರಿಕಾದಾವ 1949ರಾಗ 'ಸಾವಿರ ಮುಖದ ನಾಯಕ' ಅಂತ ಬರದ. ಅವನ ಪಟ್ಟಿಯೊಳಗ ಹದಿನೇಳು ಮೆಟ್ಟಿಲು. ಮುಂದ ಕ್ರಿಸ್ಟೋಫರ್ ವೋಗ್ಲರ್ ಅನ್ನಾವ ಅದನ್ನ ಹನ್ನೆರಡಕ್ಕ ಇಳಿಸಿ ಸಿನಿಮಾದವರ ಕೈಯಾಗ ಕೊಟ್ಟ. 1977ರ 'ಸ್ಟಾರ್ ವಾರ್ಸ್' ಮಾಡಿದ ಜಾರ್ಜ್ ಲೂಕಸ್ ಸೈತ ಕ್ಯಾಂಪ್‌ಬೆಲ್ಲನ್ನ ಓದಿದಾವನ. ಆ ಮನಶಾ ದೊಡ್ಡ ಓದುಗ, ಬುದ್ಧ, ಯೇಸು, ಗ್ರೀಕರ ಪುರಾಣ ಎಲ್ಲಾ ಜಾಲಾಡಿ ಬರದಾನ. ಒಪ್ಪಿದೆ. ನಮ್ಮ ಹನಮಪ್ಪ ಲಂಕಾಕ್ಕ ಹಾರಿ ಚೂಡಾಮಣಿ ತಂದಿದ್ದೂ ಆ ಗೆರಿಯೊಳಗ ಕೂಡತೈತಿ.

ನನ್ನ ತಕರಾರು ಬ್ಯಾರೆ. ಆ ಹದಿನೇಳು ಮೆಟ್ಟಿಲದಾಗ ಹೆಂಗಸಿನ ಹೆಸರಿಗೆ ಅಂತ ಎರಡು ಬರ್ತಾವು. ಒಂದು ದೇವಿಯ ಭೇಟಿ, ಇನ್ನೊಂದು ಆಸೆ ಹಚ್ಚಿ ದಾರಿ ತಪ್ಪಿಸೋ ಮೋಹಿನಿ. ದೇವಿ ಇಲ್ಲಾ ಮೋಹಿನಿ! ಅಲ್ರೀ, ದಿನಾ ಮುಂಜಾನೆ ರೊಟ್ಟಿ ಬಡಿಯಾಕಿ ಯಾವ ಮೆಟ್ಟಿಲದಾಗ ಬರ್ತಾಳ?

1981ರಾಗ ಮೌರೀನ್ ಮರ್ಡಾಕ್ ಅನ್ನೋ ಬಾಯಾರು ಇದನ್ನ ಕ್ಯಾಂಪ್‌ಬೆಲ್ಲನ್ನ ಮುಂದ ಕುಂತ ಕೇಳ್ಯಾರ. ಹೆಂಗಸರಿಗೆ ಪ್ರಯಾಣದ ಜರೂರಿ ಇಲ್ಲ, ಎಲ್ಲಾರೂ ಹೋಗಿ ಮುಟ್ಟಬೇಕಂತ ಹೊಂಟ ಜಾಗಾನ ಆಕಿ, ಅನ್ನೂ ಅರ್ಥದಾಗ ಅವ ಹೇಳಿದ್ನಂತ. ಆ ಬಾಯಾರಿಗೆ ಸಮಾಧಾನ ಆಗಲಿಲ್ಲ. 1990ರಾಗ ನಾಯಕಿಯ ಪ್ರಯಾಣ ಅಂತ ತಮ್ಮದ ಪುಸ್ತಕ ಬರದ್ರು. ನನಗೂ ಸಮಾಧಾನ ಆಗಲಿಲ್ಲ. ನಾವು ಜಾಗಾ ಏನ್ರಿ? ಬಸ್‌ಸ್ಟ್ಯಾಂಡ್ ಏನು? ಹೆರಿಗಿ ಸೈತ ವೀರರ ಕೆಲಸ ಅಂತಾನೂ ಅವ ಅಂದಾನ. ಸಂತೋಷ. ಹಡದ ಮ್ಯಾಲಿನ ಇಪ್ಪತ್ತು ವರ್ಷದ ಲೆಕ್ಕ ಯಾರು ಬರೀಬೇಕು?

ಈ ಗೆರಿಗೆ ಎಲ್ಲಾರೂ ಕೊಡೂ ದೊಡ್ಡ ಉದಾಹರಣಿ ಗ್ರೀಕರ ಒಡಿಸ್ಯೂಸ್. ಹತ್ತು ವರ್ಷ ಯುದ್ಧ, ಹತ್ತು ವರ್ಷ ದಾರಿ. ಆ ಇಪ್ಪತ್ತು ವರ್ಷ ಅವನ ಹೆಂಡತಿ ಪೆನೆಲೊಪಿ ಮನ್ಯಾಗಿದ್ಲು. ನನ್ನ ಮದಿವ್ಯಾಗು ಅಂತ ನೂರಕ್ಕೂ ಹೆಚ್ಚು ಗಂಡಸರು ಮನಿ ಹೊಕ್ಕು ಕುಂತು ಉಣ್ಣಾಕತ್ತಿದ್ರು. ಮಾವನ ಹೆಣದ ಬಟ್ಟಿ ನೇಯ್ದು ಮುಗಿಸಿ ಹೇಳ್ತೀನಿ ಅಂತ ಹಗಲೆಲ್ಲಾ ನೇಯ್ದು, ರಾತ್ರಿ ಬಿಚ್ಚಿ, ಮೂರು ವರ್ಷ ಅವರನ್ನ ಆಟ ಆಡಿಸಿದ್ಲು. ಗಂಡ ಬಂದ ಮ್ಯಾಲೂ ಮಂಚದ ಗುಟ್ಟು ಕೇಳಿ ಪರೀಕ್ಷಾ ಮಾಡಿನ ನಂಬಿದ್ಲು. ಅಷ್ಟು ಶಾಣ್ಯಾ ಹೆಂಗಸಿಗೆ, ಕತಿ ಶುರುವಿಗೇ, ಆಕಿ ಹೊಟ್ಟ್ಯಾಗ ಹುಟ್ಟಿದ ಮಗ ಎಲ್ಲಾರ ಮುಂದ ಏನಂತಾನ? ಒಳಗ ಹೋಗಿ ನಿನ್ನ ಮಗ್ಗ ನೋಡಕೋ, ಮಾತು ಗಂಡಸರ ಕೆಲಸ ಅಂತ. ದೇಶ ಬ್ಯಾರೆ, ಮಾತು ಅದ.

ಇನ್ನ ಹೊಸ್ತಿಲಾ ದಾಟೂದು. ಇದನ್ನ ಕೇಳಿ ನನಗ ನಗಿ ಬಂತು. ದಿನಾ ಹೊಸ್ತಿಲಾ ತೊಳದು ಅರಿಶಿಣ ಕುಂಕುಮ ಹಚ್ಚೋರು ನಾವು. ಹದಿನೆಂಟು ಇಪ್ಪತ್ತಕ್ಕ ಹುಟ್ಟಿದ ಮನಿ ಬಿಟ್ಟು, ಗೊತ್ತಿಲ್ಲದ ಊರಾಗ, ಗೊತ್ತಿಲ್ಲದ ಮಂದಿ ನಡುವ, ಅಕ್ಕಿ ತುಂಬಿದ ಸೇರು ಒದ್ದು ಒಳಗ ಬಂದೋರೂ ನಾವ. ಗುರು ಇರಲಿಲ್ಲ, ಖಡ್ಗ ಇರಲಿಲ್ಲ. ಒಲ್ಲೆ ಅಂದ್ರ ಕೇಳವರೂ ಇರಲಿಲ್ಲ. ನಾಯಕ ಹೋಗಿ ವಾಪಸ್ ಬರ್ತಾನ. ನಾವು ಹೋದೋರು ಹೋದ್ವಿ. ತವರಿಗೆ ಬಂದ್ರೂ ನೆಂಟರು. ವಾಪಸ್ ಬರೂ ಮೆಟ್ಟಿಲ ಇಲ್ಲದ ಪ್ರಯಾಣ ನಮ್ಮದು. ಅದಕ್ಕ ಗುಂಡು ಗೆರಿ ಕೂಡೂದಿಲ್ಲ.

ಬೆಳಗಾವಿ ಕಾಲೇಜಿನ್ಯಾಗ ಪಾಠ ಹೇಳಿ, ಮುಂದ ಶಿಕಾಗೋಕ್ಕ ಹೋದ ಎ.ಕೆ. ರಾಮಾನುಜನ್ ಇದನ್ನ ಗುರುತಿಸಿದ್ರು. ನಮ್ಮ ಕಡೆ ಅಜ್ಜಿಗಳು ಅಡಗಿಮನ್ಯಾಗ ಹೇಳೂ ಕತಿ ಕೂಡಿಸಿ ನೋಡಿದ್ರು. ಗಂಡಸರ ಕತಿ ಮದವಿಗೆ ಮುಗೀತೈತಿ, ಹೆಂಗಸರ ಕತಿ ಮದವಿ ಆದಮ್ಯಾಲೆ ಶುರು ಆಗತೈತಿ ಅಂತ ಕಂಡಕೊಂಡ್ರು. ಹೂವಿನ ಗಿಡ ಆಗೂ ಹುಡುಗಿ ಕತಿ ನೆನಪೈತೇನ್ರಿ? ಗಿರೀಶ ಕಾರ್ನಾಡರು 1992ರಾಗ 'ಚೆಲುವಿ' ಅಂತ ಸಿನಿಮಾ ಮಾಡಿದ್ರಲ್ಲ, ಅದ. ಉಗುರು ತಾಗದಂಗ ಕೊಡದ ನೀರು ಸುರುವಿದ್ರ ಗಿಡ ಆಗ್ತಾಳ, ಮತ್ತ ಸುರುವಿದ್ರ ಹುಡುಗಿ ಆಗ್ತಾಳ. ರಾಜನ ಮಗ ಮದವಿ ಆಗ್ತಾನ. ಗೆರಿ ಪ್ರಕಾರ ಅಲ್ಲಿಗೆ ಶುಭಂ. ನಮ್ಮ ಕತಿಯೊಳಗ ಗೋಳು ಶುರುವಾಗೂದು ಅಲ್ಲಿಂದ. ನಾದಿನಿ ಹಟ ಮಾಡಿ ಗಿಡ ಆಗಂತ ಕಾಡಿ, ಟೊಂಗಿ ಮುರದು, ಅರ್ಧಾಮರ್ಧ ನೀರು ಸುರುವಿ ಓಡಿ ಹೋಗ್ತಾಳ. ಹುಡುಗಿ ಕೈಕಾಲಿಲ್ಲದ ಮುದ್ದಿಯಾಗಿ ಉಳೀತಾಳ. ಅದಕ್ಕ ಮದ್ದು ಖಡ್ಗ ಅಲ್ಲ. ಗಂಡ ಮುರದ ಟೊಂಗಿ ಜೋಡಿಸಿ, ಜ್ವಾಕಿಲೆ ನೀರು ಸುರುವಬೇಕಾತು.

ಕೆರೆಗೆ ಹಾರವಾದ ಭಾಗೀರತಿನೂ ಅಷ್ಟ. ಊರಿಗೆ ನೀರು ಬಂತು, ಆಕಿ ಮನಿಗೆ ಬರಲಿಲ್ಲ. ಅದು ಚಂದದ ಕತಿ ಅಂತ ನಾ ಅನ್ನೂದಿಲ್ಲ, ಅನ್ಯಾಯದ ಕತಿ. ಅನ್ಯಾಯಾನ ಅನ್ಯಾಯ ಅಂತ ಕಾಣಬೇಕಂದ್ರ ಅದನ್ನ ಗೆರಿಯೊಳಗ ತುರುಕಬಾರದು.

"ಹಂಗಾರ ಹುಡುಗ್ಯಾರು ಹೊರಗ ಹೋಗಬಾರದೇನು?" ಅಂತ ಯಾರಾರ ಕೇಳ್ತೀರಿ. ಹೋಗಲಿ. ನಮ್ಮ ಹುಡುಗಿ ಬೆಂಗಳೂರಿಗೆ ಹೋದಾಗ ಮನ್ಯಾಗ ಜಗಳಾಡಿ ಕಳಿಸಿದಾಕಿನ ನಾನು. ಆದ್ರ ಹೋದೋರದಷ್ಟ ಕತಿ, ಉಳದೋರದು ಬರೇ ಕೆಲಸ ಅಂತ ಕಲಿಸಿದ್ರ, ನಾಳೆ ಆಕಿ ತನ್ನ ಅವ್ವನ್ನೂ ಲೆಕ್ಕಕ್ಕ ಹಿಡಿಯೂದಿಲ್ಲ.

ತಪ್ಪು ಹಾಳಿ ಕೊಟ್ಟವರದಷ್ಟ ಅಲ್ಲ, ನನ್ನದೂ ಐತಿ. ಅಪ್ಪನ ಪುಣ್ಯತಿಥಿಗೆ ವರ್ಷಾ ಸೋಲಾಪುರದ ಕತಿ ಹೇಳಿದಾಕಿ ನಾನು. ಗಡಗಿ ಕತಿ ಒಂದು ವರ್ಷಾನೂ ಹೇಳಲಿಲ್ಲ. ಅವ್ವ ಒಳಗ ಹೋಳಿಗಿ ಸುಡತಿದ್ಲು.

ರಾಮಾನುಜನ್ನರ ಪುಸ್ತಕದಾಗ ಇನ್ನೊಂದು ಕತಿ ಐತಿ. ಒಬ್ಬಾಕಿ ಹೆಂಗಸಿಗೆ ಒಂದು ಕತಿ, ಒಂದು ಹಾಡು ಬರತಿತ್ತು. ಯಾರಿಗೂ ಹೇಳಲಿಲ್ಲ. ಒಳಗ ಉಸಿರುಗಟ್ಟಿ ಅವು ಹೊರಗ ಬಂದು, ಕತಿ ಒಂದು ಜೋಡು ಚಪ್ಪಲಿ ಆತು, ಹಾಡು ಗಂಡಸಿನ ಕೋಟು ಆತು. ಗಂಡ ಸಂಶೇ ಪಟ್ಟ, ಮನ್ಯಾಗ ಜಗಳ. ಕಡೀಕ ಖರೆ ತಿಳದು ಅವ ಬಂದು ಕೇಳಿದ್ರ, ಯಾವ ಕತಿ, ಯಾವ ಹಾಡು ಅಂತ ಆಕಿಗೇ ನೆನಪಿಲ್ಲ.

ಹುಡುಗಿ ಅಳಮಾರಿ ಮಾಡಿ ಕುಂತಾಗ ನಾ ಎದ್ದು ಅವ್ವನ ಕಡೆ ಹೋದೆ. ಈಗ ಆಕಿಗೆ ಎಂಬತ್ತು ದಾಟ್ಯಾವು, ಒಮ್ಮೊಮ್ಮೆ ನನ್ನ ಗುರುತೂ ಹಿಡಿಯೂದಿಲ್ಲ. "ಅವ್ವಾ, ಬರದಾಗ ರಾತ್ರಿ ಹೇಳತಿದ್ದೆಲ್ಲಾ, ಆ ಕತಿ ಹೇಳಬೇ" ಅಂದೆ.

"ಯಾವ ಕತಿ?" ಅಂದ್ಲು.

ಅಷ್ಟ. ಸಿಟ್ಟು ಯಾರ ಮ್ಯಾಲೆ ಮಾಡಲಿ ಹೇಳ್ರಿ.

ಗಡಗಿ ಕತಿ ನನಗ ನೆನಪೈತಿ, ಅದನ್ನ ಹುಡುಗಿ ಮುಂದ ಕುಂದ್ರಿಸಿ ಬರಸೀನಿ. ಹನ್ನೆರಡು ಮೆಟ್ಟಿಲದಾಗ ಕೂಡದಿದ್ರ ಅಂಕಾ ಕಡಿಮಿ ಕೊಡಲಿ ಅಂದೀನಿ. ನೀವೂ ನಿಮ್ಮ ನಿಮ್ಮ ಅವ್ವಂದಿರನ್ನ, ಅತ್ತ್ಯಾರನ್ನ ಇವತ್ತ ಕೇಳ್ರಿ. ಎಲ್ಲಿಗೆ ಹೋಗಿದ್ದಿ ಅಂತ ಕೇಳಬ್ಯಾಡ್ರಿ. ಏನು ಕಾದಿಟ್ಟಿ ಅಂತ ಕೇಳ್ರಿ.

ಚಟ್ನಿ ಮುಂದಿನ ಸಲ, ಖರೇನ.