ನಾಲ್ಕು ಕೋಟಿ ಅಂಕಿಗಳ ಒಂದು ಸಂಖ್ಯೆ

2024ನೆಯ ಇಸವಿಯ ಅಕ್ಟೋಬರ್ 21ರಂದು ಗಣಿತ ಪ್ರಪಂಚದಿಂದ ಬಂದ ವಾರ್ತೆಯೊಂದು ಕೌತುಕವೆಂದು ಓದಿ ಬದಿಗಿಡತಕ್ಕದ್ದಲ್ಲ. ಎರಡನ್ನು 13,62,79,841 ಸಲ ಬರೆದು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಉಳಿಯುವ ಸಂಖ್ಯೆಯು ಅವಿಭಾಜ್ಯವೆಂದು ಅಂದು ಘೋಷಿಸಲಾಯಿತು. ಅದರಲ್ಲಿರುವ ಅಂಕಿಗಳು 4,10,24,320. ಸೆಕೆಂಡಿಗೆ ಒಂದರಂತೆ ಹಗಲಿರುಳು ಬರೆದರೂ 474 ದಿನಗಳು ಸಾಲವು.

ಅವಿಭಾಜ್ಯವೆಂದರೇನು? ಹನ್ನೆರಡು ಲೋಟಗಳನ್ನು ತಟ್ಟೆಯಲ್ಲಿ ಮೂರು ಸಾಲಾಗಿಯೋ ನಾಲ್ಕು ಸಾಲಾಗಿಯೋ ಸಮನಾಗಿ ಇಡಬಹುದು. ಹದಿಮೂರನ್ನು ಒಂದೇ ಸಾಲಿನಲ್ಲಲ್ಲದೆ ಸಮನಾಗಿ ಇಡಲಾಗದು. ಇಂಥ ಸಂಖ್ಯೆಗಳಿಗೆ ಕೊನೆಯಿಲ್ಲವೆಂದು ಗ್ರೀಕರ ಯೂಕ್ಲಿಡನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿದನು.

ಈಗಿನದು 17ನೆಯ ಶತಮಾನದ ಫ್ರೆಂಚ್ ಸಂನ್ಯಾಸಿ ಮರ್ಸೆನ್ನನ ಹೆಸರಿನ ಪಂಗಡಕ್ಕೆ ಸೇರಿದ್ದು, ತಿಳಿದುಬಂದವುಗಳಲ್ಲಿ 52ನೆಯದು. ಎರಡರ ಘಾತವು ಅವಿಭಾಜ್ಯವಾದ ಮಾತ್ರಕ್ಕೆ ಫಲವೂ ಹಾಗಿರಬೇಕೆಂದಿಲ್ಲ. ಘಾತ 11 ಆದಾಗ ಬರುವ 2047, 23 ಮತ್ತು 89ರ ಗುಣಲಬ್ಧ. ಆದರೆ ಈ ಪಂಗಡವನ್ನು ಪರೀಕ್ಷಿಸಲು ಸುಂದರವಾದ ಕ್ರಮವೊಂದುಂಟು. 4ರಿಂದ ಹೊರಟು, ವರ್ಗ ಮಾಡಿ 2 ಕಳೆಯುತ್ತ, ಪರೀಕ್ಷೆಯ ಸಂಖ್ಯೆಯಿಂದ ಭಾಗಿಸಿದ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. 31ಕ್ಕೆ ಮೊದಲು 14, ಬಳಿಕ 194ರ ಶೇಷ 8, ಕೊನೆಗೆ 62, ಶೇಷ ಸೊನ್ನೆ. ಆದುದರಿಂದ 31 ಅವಿಭಾಜ್ಯ. ಅಲ್ಲಿ ಮೂರು ಹೆಜ್ಜೆ ಸಾಕು. ಹೊಸ ಸಂಖ್ಯೆಗೆ ಬೇಕಾದವು 13,62,79,839.

1996ರಲ್ಲಿ ಜಾರ್ಜ್ ವೋಲ್ಟ್‌ಮನ್ನರು ಆರಂಭಿಸಿದ ಸ್ವಯಂಸೇವಕರ ಕೂಟವು ಈ ಶೋಧವನ್ನು ನಡೆಸುತ್ತ ಬಂದಿದೆ. ಸಾಮಾನ್ಯ ಕಂಪ್ಯೂಟರುಗಳ ಬಿಡುವಿನ ವೇಳೆಯನ್ನು ದಾನವಾಗಿ ಪಡೆದೇ 2018ರವರೆಗೆ 17 ಸಂಖ್ಯೆಗಳು ದೊರೆತವು. 2024ರಲ್ಲಿ ಆ ಪದ್ಧತಿ ಬದಲಾಯಿತು. ಅಮೆರಿಕದ ಲ್ಯೂಕ್ ಡ್ಯುರಾಂಟರು 17 ದೇಶಗಳಲ್ಲಿದ್ದ ಪ್ರಬಲ ಯಂತ್ರಗಳನ್ನು ಒಟ್ಟುಗೂಡಿಸಿ ದುಡಿಸಿದರು. ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಯಂತ್ರ ಸುಳಿವನ್ನು ಕೊಟ್ಟಿತು; ಟೆಕ್ಸಾಸ್‌ನದು ಅದನ್ನು ದೃಢಪಡಿಸಿತು. ಬಂದ 3,000 ಡಾಲರುಗಳ ಬಹುಮಾನವನ್ನು ಅವರು ತಾವು ಓದಿದ ಅಲಬಾಮಾದ ಶಾಲೆಗೆ ಕೊಡಲು ನಿಶ್ಚಯಿಸಿದರು.

ಇದರಿಂದ ಲಾಭವೇನೆಂದು ಕೇಳುವವರಿದ್ದಾರೆ. ಗುಪ್ತಲಿಪಿಯ ಬೀಗಗಳಿಗೆ ಕೆಲವು ನೂರು ಅಂಕಿಗಳ ಅವಿಭಾಜ್ಯಗಳೇ ಸಾಕು. ಈ ಮಹಾಸಂಖ್ಯೆ ಅಲ್ಲಿ ನಿರುಪಯೋಗಿ. ದಿನದ ಗಲ್ಲಾಪೆಟ್ಟಿಗೆ ಎಣಿಸಿ ಬೆಳೆದ ನಾವೂ ಖರ್ಚಿಗೆ ಲೆಕ್ಕ ಕೇಳುವವರೇ. ಆದರೆ ಎಲ್ಲ ಜ್ಞಾನವನ್ನೂ ಅದೇ ಸಂಜೆಯ ವರಮಾನದಿಂದ ಅಳೆಯುವುದು ವ್ಯಾಪಾರವೂ ಅಲ್ಲ, ವಿವೇಕವೂ ಅಲ್ಲ. ಅವಿಭಾಜ್ಯಗಳ ವಿಚಾರವೇ ಶತಮಾನಗಳ ಕಾಲ ನಿಷ್ಪ್ರಯೋಜಕವೆನಿಸಿ, ಬಳಿಕ ಹಣದ ವ್ಯವಹಾರಕ್ಕೆ ಕಾವಲಾಯಿತು.

ನಮ್ಮನ್ನು ಚಿಂತೆಗೆ ಹಚ್ಚುವುದು ಬೇರೊಂದು ಸಂಗತಿ. ಬಡವನ ಯಂತ್ರಕ್ಕೂ ಪಾಲಿದ್ದ ಶೋಧವು ಇನ್ನು ಬಾಡಿಗೆ ತೆರಬಲ್ಲವರ ಸೊತ್ತಾದೀತೇ? ಇದಕ್ಕೆ ನಮ್ಮ ದೇಶದಲ್ಲೇ ಒಂದು ಸಮಾಧಾನವಿದೆ. 2002ರಲ್ಲಿ ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲರೂ ಅವರ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರೂ ಯಾವುದೇ ಸಂಖ್ಯೆಯ ಅವಿಭಾಜ್ಯತೆಯನ್ನು, ಲೆಕ್ಕದ ಹೊರೆ ಮಿತಿಮೀರಿ ಬೆಳೆಯದಂತೆ, ನಿಸ್ಸಂದೇಹವಾಗಿ ನಿರ್ಣಯಿಸುವ ವಿಧಾನವನ್ನು ಕೊಟ್ಟರು. ದಾಖಲೆಯ ಶೋಧಕ್ಕೆ ಹಳೆಯ ಕ್ರಮವೇ ವೇಗದ್ದೆಂಬುದು ನಿಜ. ಆದರೂ ಆ ಸಾಧನೆಯ ಮೂಲಧನ ಯಂತ್ರಗಳ ರಾಶಿಯಾಗಿರದೆ ಬುದ್ಧಿಯಾಗಿತ್ತು.

ಮರ್ಸೆನ್ ಅವಿಭಾಜ್ಯಗಳು ಅನಂತವೇ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಯಂತ್ರವು ಮುಂದಿನದನ್ನು ಹುಡುಕೀತು. ಕೊನೆಯಿದೆಯೇ ಎಂದು ಹೇಳಲು ಮನುಷ್ಯನೇ ಬೇಕು. ಆ ಮನುಷ್ಯನು ನಮ್ಮ ಶಾಲೆಗಳ ಹಿಂದಿನ ಬೆಂಚಿನಲ್ಲಿಯೂ ಕುಳಿತಿರಬಹುದೆಂಬುದನ್ನು ಸರಕಾರಗಳೂ ತಂದೆತಾಯಿಗಳೂ ಮರೆಯಬಾರದು.